ಕೈಯಲ್ಲಿ ಮುರಿದದ್ದು

ವಿಜಯಪುರದಿಂದ ಸಿಂದಗಿ, ಜೇವರ್ಗಿಗಳ ಮೇಲೆ ಹಾಯ್ದು ಕಲಬುರ್ಗಿಗೆ ಹೋಗುವ ಹೆದ್ದಾರಿಯಲ್ಲಿ ಕಾರ್ತಿಕ ಮಾಸವು ಕಳೆಯಿತೆಂದರೆ ಕಬ್ಬಿನ ಮೆರವಣಿಗೆಯೇ ಕಣ್ಣಿಗೆ ಬೀಳುವದು. ಭೀಮೆಯ ದಂಡೆಗುಂಟ ಇಂಡಿ, ಆಲಮೇಲ, ಸಿಂದಗಿಗಳ ಹೊಲಗಳಲ್ಲಿ ಕಡಿದ ಕಬ್ಬನ್ನು, ಒಂದರ ಹಿಂದೊಂದು ಬಿಗಿದ ಎರಡೆರಡು ಟ್ರ್ಯಾಲಿಗಳಲ್ಲಿ ಆಳೆತ್ತರ ಹೇರಿಕೊಂಡು ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಕಾರ್ಖಾನೆಗಳ ಕಡೆಗೆ ತೆವಳುತ್ತಿರುವವು. ದಾರಿಹೋಕನು ಕಬ್ಬನ್ನು ನೋಡುವನು. ಹುಡುಗರು ಹಿಂದಿನಿಂದ ಒಂದು ಜಲ್ಲೆಯನ್ನು ಸೆಳೆದುಕೊಳ್ಳುವ ಸಮಯವನ್ನು ನೋಡುವರು. ಆದರೆ ಎಳೆಯುವ ಯಂತ್ರಕ್ಕೂ ಎಳೆಸಿಕೊಳ್ಳುವ ಬಂಡಿಗೂ ನಡುವೆ ಇರುವ ಕೊಂಡಿಯನ್ನಾಗಲಿ, ಆ ಕೊಂಡಿಯನ್ನು ಟ್ರ್ಯಾಕ್ಟರಿನ ಬೆನ್ನಿಗೆ ಬಿಗಿಹಿಡಿದಿರುವ ಹೆಬ್ಬೆರಳು ಗಾತ್ರದ ನಾಲ್ಕು ಬೋಲ್ಟುಗಳನ್ನಾಗಲಿ ಯಾರೂ ನೋಡುವದಿಲ್ಲ. ನೋಡುವವನು ಒಬ್ಬನೇ, ಅದನ್ನು ಬಿಚ್ಚಿ ಕಟ್ಟುವ ಮಿಸ್ತ್ರಿ. ಇಲ್ಲಿ ವಿಚಾರಿಸಬೇಕೆಂದಿರುವ ಧರ್ಮಪ್ರಶ್ನೆಯು ಆತನ ಕೈಯೊಳಗೆ ಹುಟ್ಟುವಂಥದು.

ಸಂಗತಿಯನ್ನು ಹೀಗೆಂದು ಭಾವಿಸಬೇಕು. ಊರ ಹೊರಬದಿಯ ಒಂದು ಗ್ಯಾರೇಜಿಗೆ ಸಂಜೆಯ ಹೊತ್ತಿನಲ್ಲಿ ಒಬ್ಬ ರೈತನು ತನ್ನ ಟ್ರ್ಯಾಕ್ಟರನ್ನು ತಂದು ನಿಲ್ಲಿಸಿರುವನು. ಕೊಂಡಿಯನ್ನು ಹೊತ್ತ ಪಟ್ಟಿಯು ಬಾಗಿದೆ, ಅದನ್ನು ಬದಲಿಸಬೇಕು. ಹೊಲದಲ್ಲಿ ಕಡಿದ ಕಬ್ಬು ಬಿದ್ದಿದೆ. ಕಡಿದ ಕಬ್ಬು ನಿಂತಷ್ಟೂ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುವದರಿಂದ ಆತನ ಪಾಲಿಗೆ ಒಂದೊಂದು ಗಳಿಗೆಯೂ ಹಣವೇ ಸರಿ. "ಒಂದು ತಾಸಿನಾಗ ಮುಗಸ್ರಿ ಮಿಸ್ತ್ರಿ, ಚಹಾ ಕುಡದ ಬರ್ತೀನಿ" ಎಂದು ಆತನು ಹೊರಟುಹೋಗುವನು. ಮೂರು ಬೋಲ್ಟುಗಳು ಸುಖವಾಗಿ ಬಿಚ್ಚಿದವು. ನಾಲ್ಕನೆಯದು ಪಾನಾಕ್ಕೆ ಮಣಿಯಲಿಲ್ಲ. ಪಾನಾದ ಹಿಡಿಗೆ ಒಂದು ಕೊಳವೆಯನ್ನು ತೊಡಿಸಿ ಮೈಭಾರವನ್ನೆಲ್ಲ ಹಾಕಿ ಜಗ್ಗಿದಾಗ ಮೊದಲು ಕೊಂಚ ಸಡಿಲಾದಂತೆ ತೋರಿತು. ಬಲ್ಲವರಿಗೆ ಆ ಮೆತ್ತನೆಯ ಸಡಿಲೇ ಕೆಟ್ಟ ಶಕುನ. ಮರುಕ್ಷಣದಲ್ಲಿ ತಲೆಯು ಟಪ್ಪೆಂದು ಹಾರಿ ಕೆಳಗೆ ಬಿದ್ದಿತು. ಬೋಲ್ಟಿನ ಒಡಲು ಯಂತ್ರದ ಬೀಡುಕಬ್ಬಿಣದ ಮೈಯೊಳಗೆ ಉಳಿದುಕೊಂಡಿತು.

ಈಗ ಮಿಸ್ತ್ರಿಯ ಮುಂದೆ ದಾರಿ ಕವಲೊಡೆದಿದೆ. ಉಳಿದ ತುಂಡನ್ನು ಹೊರತೆಗೆಯುವದು ಒಂದು ದಾರಿ. ಅದಕ್ಕೆ ಮೂರು ನಾಲ್ಕು ತಾಸು ಹಿಡಿಯಬಹುದು, ಬೆಳಗೂ ಆಗಬಹುದು. ಕೂಲಿ ಯಾರು ಕೊಡಬೇಕೆಂಬ ಜಗಳವೂ ಆಗಬಹುದು. ಮತ್ತೊಂದು ದಾರಿ ಬಹಳ ಸುಲಭ. ಹೊಸ ಪಟ್ಟಿಯನ್ನು ಮೂರು ಬೋಲ್ಟುಗಳಿಂದ ಬಿಗಿದು, ನಾಲ್ಕನೆಯ ತೂತಿನ ಬಾಯಿಗೆ ಆ ಹಾರಿದ ತಲೆಯನ್ನೇ ಎರಡು ಚುಕ್ಕೆ ವೆಲ್ಡಿಂಗು ಹಾಕಿ ಅಂಟಿಸಿ, ಮೇಲೆ ಗ್ರೀಸನ್ನೂ ಎರೆಮಣ್ಣನ್ನೂ ಬಳಿದರೆ ಸಾಕು, ಬ್ರಹ್ಮನಿಗೂ ತಿಳಿಯುವಂತಿಲ್ಲ. ಮೂರೇ ಬೋಲ್ಟುಗಳ ಮೇಲೆ ಟ್ರ್ಯಾಕ್ಟರು ಆ ರಾತ್ರಿ ನಡೆಯುವದು, ಮರುದಿನವೂ ನಡೆಯುವದು, ಒಂದು ಹಂಗಾಮು ಪೂರ್ತಿ ನಡೆದರೂ ನಡೆಯಬಹುದು. ಇದೇ ಈ ಪ್ರಶ್ನೆಯ ಕುತ್ತು. ಕೂಡಲೇ ಕೆಡುವ ಕೆಲಸವಾಗಿದ್ದರೆ ಅದನ್ನು ಮುಚ್ಚಿಡುವ ಮನಸ್ಸು ಯಾರಿಗೂ ಆಗುತ್ತಿರಲಿಲ್ಲ.

ಜನರು ಇಂಥಲ್ಲಿ ಮೊದಲು ಕೇಳುವದು, ತಪ್ಪು ಯಾರದೆಂದು. ಮಿಸ್ತ್ರಿಯೂ ತನ್ನೊಳಗೆ ಅದನ್ನೇ ಕೇಳಿಕೊಳ್ಳುವನು. ತಪ್ಪು ತನ್ನದಲ್ಲವೆಂದು ಮನಸ್ಸಿಗೆ ಒಪ್ಪಿಗೆಯಾದರೆ ಹೇಳುವ ಹೊಣೆಯೂ ತನ್ನದಲ್ಲವೆಂದು ತೀರ್ಮಾನಿಸುವನು. ತಪ್ಪೂ ಹೊಣೆಯೂ ಒಂದೇ ಎಂದು ತಿಳಿದದ್ದರಿಂದಲೇ ಈ ಗೊಂದಲ. ಇವೆರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಬೋಲ್ಟು ಏಕೆ ಮುರಿಯುವದು, ಮುರಿದದ್ದು ಹೇಗೆ ಹೊರಬೀಳುವದು ಎಂಬದನ್ನು ಮೊದಲು ಅರಿಯುವದು ಉಚಿತ. ಕೆಲಸವನ್ನರಿಯದೆ ಕೆಲಸದ ಧರ್ಮವನ್ನು ಹೇಳಹೋಗುವ ಪಂಡಿತರು ನಮ್ಮಲ್ಲಿ ಹಿಂದಿನಿಂದಲೂ ಸಾಕಷ್ಟು ಮಂದಿ ಆಗಿಹೋಗಿದ್ದಾರೆ.

ಬಿಗಿದ ಬೋಲ್ಟು ಸುಮ್ಮನೆ ತೂತಿನಲ್ಲಿ ಕುಳಿತ ಮೊಳೆಯಲ್ಲ. ಬಿಗಿಯುವಾಗ ಅದು ಕೂದಲೆಳೆಯಷ್ಟು ಹಿಗ್ಗುವದು. ಹಿಗ್ಗಿದ್ದು ಹಿಂದಕ್ಕೆ ಕುಗ್ಗಲು ಹವಣಿಸುವದರಿಂದಲೇ ಎರಡು ಕಬ್ಬಿಣಗಳು ಒಂದನ್ನೊಂದು ಅಪ್ಪಿಕೊಂಡಿರುವವು. ಇಂತಿಷ್ಟೇ ಬಿಗಿಯಬೇಕೆಂದು ಯಂತ್ರ ಮಾಡಿದವರು ಅಳತೆ ಕೊಟ್ಟಿರುವರು. ಆ ಅಳತೆಯನ್ನು ತೋರಿಸುವ ಪಾನಾಗಳೂ ದೊರೆಯುವವು. ಆದರೆ ರಸ್ತೆಯ ಬದಿಗೆ, ಕತ್ತಲಲ್ಲಿ, ಕೊಳವೆ ತೊಡಿಸಿ ಬಿಗಿದವನು ಅಳತೆಯನ್ನು ಕೇಳುವವನಲ್ಲ. ಮಿತಿಮೀರಿ ಬಿಗಿದ ಬೋಲ್ಟು ಆ ದಿನವೇ ಅರ್ಧ ಸತ್ತಂತೆ. ಇನ್ನು ತುಕ್ಕು. ಕಬ್ಬಿಣವು ತುಕ್ಕಾದಾಗ ಮೂಲದ ಕಬ್ಬಿಣಕ್ಕಿಂತ ಇಮ್ಮಡಿಗೂ ಮಿಕ್ಕ ಸ್ಥಳವನ್ನು ಬೇಡುವದು; ತಿರುಪಿನ ಸುತ್ತುಗಳ ಸಂದಿಯಲ್ಲಿ ಆ ಸ್ಥಳವೆಲ್ಲಿ? ಆದುದರಿಂದ ಅದು ಬೋಲ್ಟನ್ನು ತೂತಿನ ಗೋಡೆಗೆ ಒತ್ತಿ ಬೆಸುಗೆ ಹಾಕಿದಂತೆ ಹಿಡಿಯುವದು. ನಮ್ಮ ಎರೆಮಣ್ಣು ಒಮ್ಮೆ ಮೆತ್ತಿತೆಂದರೆ ತೇವವನ್ನು ಬಹುಕಾಲ ಬಿಡುವದಿಲ್ಲ. ಡೋಣಿಯ ಸವಳು ನೀರಿನಲ್ಲಿ ಓಡಾಡುವ ಬಂಡಿಗಳ ಗತಿಯಂತೂ ಹೇಳುವದೇ ಬೇಡ.

ಇವೆರಡಕ್ಕಿಂತ ಗೂಢವಾದ ಮೂರನೆಯ ಕಾರಣವೊಂದುಂಟು. ಲೋಹಕ್ಕೂ ದಣಿವು ಬರುವದೆಂಬ ಸಂಗತಿ. 1842ನೆಯ ಇಸವಿಯ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನರು ಅಸುನೀಗಿದರು. ಅಂದಿನಿಂದ ವಿದ್ವಾಂಸರು ಈ ವಿಷಯವನ್ನು ಕೈಗೆತ್ತಿಕೊಂಡರು. ಒಂದೇ ಸಲ ಹೊರಿಸಿದರೆ ಸುಖವಾಗಿ ಹೊರುವ ಭಾರವನ್ನೇ ಲಕ್ಷ ಸಲ ಹೊರಿಸಿ ಇಳಿಸಿದರೆ ಕಬ್ಬಿಣವು ಮುರಿಯುವದೆಂದು ಜರ್ಮನಿಯ ರೈಲುದಾರಿಯ ಇಂಜಿನಿಯರನಾದ ವ್ಯೋಲರನು ಮುಂದೆ ಪರೀಕ್ಷೆಗಳಿಂದ ಸಿದ್ಧಪಡಿಸಿದನು. ಮೊದಲು ಕಣ್ಣಿಗೆ ಕಾಣದ ಬಿರುಕೊಂದು ಮೂಡಿ, ಒಂದೊಂದು ಎಳೆತಕ್ಕೂ ತುಸುತುಸುವೇ ಒಳಗೆ ನಡೆದು, ಉಳಿದ ಭಾಗವು ಭಾರವನ್ನು ತಾಳಲಾರದಾದ ದಿನ ಫಕ್ಕನೆ ಮುರಿಯುವದು. ಹೀಗೆ ಮುರಿದ ತುಂಡಿನ ಮುಖವನ್ನು ಒರೆಸಿ ದೀಪಕ್ಕೆ ಹಿಡಿದರೆ ಆ ಚರಿತ್ರೆಯೆಲ್ಲ ಅಲ್ಲಿ ಬರೆದಿರುವದು: ಹಳೆಯ ಬಿರುಕಿನ ಭಾಗವು ಕಪ್ಪಾಗಿ, ನುಣುಪಾಗಿ, ಹಲವು ಸಲ ನದಿಯ ದಂಡೆಯ ಮರಳಿನಲ್ಲಿ ಇಳಿದ ನೀರು ಬಿಟ್ಟುಹೋದ ಗೆರೆಗಳಂಥ ಗೆರೆಗಳಿಂದ ಕೂಡಿರುವದು, ಈಗತಾನೆ ಮುರಿದ ಭಾಗವು ಒರಟಾಗಿ, ಬೆಳ್ಳಗೆ ಹೊಳೆಯುವದು. ಮಿಸ್ತ್ರಿಗಳು ವ್ಯೋಲರನ ಹೆಸರನ್ನು ಕೇಳಿರಲಿಕ್ಕಿಲ್ಲ. ಆ ಮುಖವನ್ನು ಓದಬಲ್ಲರು.

ಮುರಿದ ಒಡಲನ್ನು ತೆಗೆಯುವ ಕ್ರಮವು ಬಲದ್ದಲ್ಲ, ತಾಳ್ಮೆಯದು. ಮೊದಲು ಎಣ್ಣೆ ಬಿಟ್ಟು ಕಾಯಬೇಕು. ಅದು ಸಂದಿಗೆ ಇಳಿಯುವ ತನಕ ನಡುನಡುವೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿರಬೇಕು. ಸುತ್ತಲಿನ ಬೀಡಿಗೆ ಕಾವು ಕೊಟ್ಟರೆ ತೂತು ಹಿಗ್ಗಿ ತುಕ್ಕಿನ ಹಿಡಿತ ಬಿಡುವದು. ತುಂಡಿನ ತುದಿಯು ಹೊರಗೆ ಕೊಂಚ ಚಾಚಿದ್ದರೆ ಅದರ ಮೇಲೆ ಒಂದು ನಟ್ಟನ್ನಿಟ್ಟು ವೆಲ್ಡಿಂಗು ಮಾಡುವರು. ಹಿಡಿಯುವದಕ್ಕೆ ತಲೆಯೂ ದೊರೆಯಿತು, ಕಾವೂ ತಗಲಿತು. ತುಂಡು ಒಳಗೇ ಮುರಿದಿದ್ದರೆ ಕೆಲಸ ಸೂಕ್ಷ್ಮ. ಸರಿಯಾಗಿ ನಟ್ಟನಡುವೆ ಒಂದು ಗುಳಿ ಹೊಡೆದು, ಅಲ್ಲಿಂದ ಡ್ರಿಲ್ಲಿನಿಂದ ತೂತು ಕೊರೆಯಬೇಕು. ನಡುವು ತಪ್ಪಿತೋ, ಕೊರೆಯುವ ಮೊನೆಯು ಬೋಲ್ಟನ್ನು ಬಿಟ್ಟು ಯಂತ್ರದ ಸ್ವಂತ ತಿರುಪನ್ನೇ ತಿಂದುಬಿಡುವದು. ಆಮೇಲೆ ಎಡಕ್ಕೆ ಸುತ್ತುವ ತಿರುಪುಳ್ಳ ಒಂದು ಮೊನಚಾದ ಉಕ್ಕಿನ ಕಡ್ಡಿಯನ್ನು, ಈಜಿ ಔಟ್ ಎಂದು ಅಂಗಡಿಯಲ್ಲಿ ಕೇಳಿ ತರುವ ಸಾಧನವನ್ನು, ಆ ತೂತಿನಲ್ಲಿ ತಿರುವಬೇಕು. ಬೋಲ್ಟು ಬಿಚ್ಚುವದೂ ಎಡಕ್ಕೆ, ಈ ಕಡ್ಡಿಯು ಕಚ್ಚುವದೂ ಎಡಕ್ಕೆ. ಆದುದರಿಂದ ಕಚ್ಚಿದಷ್ಟೂ ಅದು ಸತ್ತ ತುಂಡನ್ನು ಹೊರಗೆ ಕರೆತರುವದು. ಆದರೆ ಕಡ್ಡಿಯ ಉಕ್ಕು ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ಅವಸರಪಟ್ಟು ಜಗ್ಗಿದರೆ ಅದೂ ಒಳಗೇ ಮುರಿಯುವದು, ಮತ್ತು ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು. ಒಂದು ಮುರುಕನ್ನು ತೆಗೆಯಹೋಗಿ ಅದಕ್ಕಿಂತ ಗಟ್ಟಿಯಾದ ಇನ್ನೊಂದನ್ನು ಒಳಗಿಟ್ಟುಕೊಂಡು ಕೂತವನ ಮುಖವನ್ನು ನೋಡಿದವರಿಗೆ ಅವಸರವೆಂದರೇನೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗಿರಲು, ನಾಲ್ಕನೆಯ ಬೋಲ್ಟನ್ನು ಮುರಿದವನು ಯಾರು? ಮಿತಿಮೀರಿ ಬಿಗಿದ ಹಿಂದಿನ ವರ್ಷದ ಯಾವನೋ ಒಬ್ಬನೇ? ಎರಡು ಟ್ರ್ಯಾಲಿಗಳಿಗೆ ತಾಳುವದಕ್ಕಿಂತ ಹೆಚ್ಚು ಹೇರಿದ ಒಡೆಯನೇ? ಮಳೆಯೇ, ಮಣ್ಣೇ? ಒಂದು ತಾಸಿನ ಗಡುವು ಕೊಟ್ಟ ಬಾಯಿಯೇ? ಎಣ್ಣೆ ಬಿಟ್ಟು ಕಾಯದೆ ಕೊಳವೆಯನ್ನು ತೊಡಿಸಿದ ಕೈಯೇ? ಕೆಲಸವೊಂದು ಆಗುವದಕ್ಕೆ ನೆಲೆ, ಕರ್ತೃ, ಸಾಧನ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಎಣಿಸುವದು. ತಾನೊಬ್ಬನೇ ಕರ್ತೃವೆಂದು ನೋಡುವವನು ಸರಿಯಾಗಿ ನೋಡಲಿಲ್ಲವೆಂದೂ ಹೇಳುವದು. ತುಕ್ಕು ಹಿಡಿದ ತೂತು, ಮಿಸ್ತ್ರಿ, ಪಾನಾ, ಎಳೆತ, ಒಳಗಿನ ಬಿರುಕು ಎಂದು ಆ ಐದನ್ನೂ ಈ ಗ್ಯಾರೇಜಿನಲ್ಲಿಯೇ ಬೊಟ್ಟಿಟ್ಟು ತೋರಿಸಬಹುದು. ಕಾಗೆಯು ಕೂಡುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸರಿಹೋಯಿತೆಂಬ ಕಾಕತಾಲೀಯ ನ್ಯಾಯವನ್ನು ಇಲ್ಲಿ ಹೇಳಲು ಯಾರಾದರೂ ಮುಂದಾದಾರು. ಅದು ಸಲ್ಲದು. ಕಾಗೆಯ ಭಾರಕ್ಕೆ ಹಣ್ಣು ಬೀಳಲಿಲ್ಲ; ಆದರೆ ಪಾನಾದ ಭಾರಕ್ಕೆ ಬೋಲ್ಟು ಮುರಿದದ್ದು ನಿಜ. ಮಿಸ್ತ್ರಿಯು ಕಾಗೆಯಲ್ಲ. ಹಾಗೆಂದು ಆತನೇ ಎಲ್ಲವೂ ಅಲ್ಲ.

ಈ ಸೂಕ್ಷ್ಮವನ್ನು ಶಾಸ್ತ್ರಗಳಿಗಿಂತ ಸೊಗಸಾಗಿ ನಮ್ಮ ಜನರ ಆಡುಮಾತು ಹಿಡಿದಿದೆ. ಕನ್ನಡದ 'ಮುರಿ' ಎಂಬ ಧಾತುವು ಸಕರ್ಮಕವೂ ಅಹುದು, ಅಕರ್ಮಕವೂ ಅಹುದು. ಬೋಲ್ಟನ್ನು ಮುರಿದನು ಎಂದರೂ ಅದೇ, ಬೋಲ್ಟು ಮುರಿಯಿತು ಎಂದರೂ ಅದೇ. ಸಂಸ್ಕೃತದ ವೈಯಾಕರಣರು ಕಟ್ಟಿಗೆಯು ತಾನೇ ಸೀಳುತ್ತದೆಂಬಂಥ ಮಾತುಗಳ ಸಲುವಾಗಿ ಕರ್ಮಕರ್ತರಿ ಎಂಬ ಪ್ರಯೋಗವನ್ನೇ ಬೇರೆ ಮಾಡಿ, ಅದಕ್ಕೆ ಸೂತ್ರವನ್ನೂ ಹೇಳಿಟ್ಟಿದ್ದಾರೆ. ಸಿಂದಗಿಯ ಮಿಸ್ತ್ರಿಗೆ ಸೂತ್ರವು ಬೇಕಿಲ್ಲ. ನಾನು ಮುರಿದೆನೆಂದು ಆತನು ಹೇಳುವದಿಲ್ಲ; ತಾನಾಗಿ ಮುರಿಯಿತೆಂದು ಹೇಳಿದರೆ ಕೇಳಿದವನು ನಗುವನು. "ನನ್ನ ಕೈಯಾಗ ಮುರೀತ್ರಿ" ಎನ್ನುವನು. ಕೈಯು ಇಲ್ಲಿ ಪ್ರಥಮೆಯಲ್ಲಿ ನಿಂತು ಕರ್ತೃವಾಗಲಿಲ್ಲ, ತೃತೀಯೆಯಲ್ಲಿ ನಿಂತು ಕರಣವೂ ಆಗಲಿಲ್ಲ; ಸಪ್ತಮಿಯಲ್ಲಿ ನಿಂತು ಅಧಿಕರಣವಾಯಿತು. ಮುರಿದ ಕ್ರಿಯೆಗೆ ಆಶ್ರಯವಾದ ಸ್ಥಳ ಅದು. ಕೆಲವರು ಇದನ್ನು ಜಾರಿಕೊಳ್ಳುವ ಜಾಣ್ಮೆಯೆಂದು ತಿಳಿಯುವರು. ನಿಜಕ್ಕೂ ಇದರಷ್ಟು ಪ್ರಾಮಾಣಿಕವಾದ ವಾಕ್ಯವು ಸಿಗುವದು ದುರ್ಲಭ. ಬಹು ದೂರದಿಂದ, ಬಹು ಜನರಿಂದ ಬಂದ ಮುರುಕು ಕಟ್ಟಕಡೆಗೆ ತನ್ನ ಕೈಯೆಂಬ ಸ್ಥಳವನ್ನು ಮುಟ್ಟಿತೆಂಬ ಅರಿಕೆ ಅದರಲ್ಲಿದೆ.

ಸ್ಥಳವು ಹೊಣೆಯಾಗುವದು ಹೇಗೆಂಬದಕ್ಕೆ ಮೀಮಾಂಸಕರ ಒಂದು ವಿಚಾರವು ಕೈದೀವಿಗೆಯಾಗಬಲ್ಲದು. ಯಾಗವು ನಡೆದಿರುವಾಗ ಪಾತ್ರೆಯು ಒಡೆದರೆ, ಹವಿಸ್ಸು ಚೆಲ್ಲಿದರೆ, ಇಂಥಿಂಥ ಹೋಮವನ್ನು ಮಾಡತಕ್ಕದ್ದೆಂದು ವಿಧಿಯಿದೆ. ಇದನ್ನು ನೈಮಿತ್ತಿಕವೆನ್ನುವರು, ಒಂದು ನಿಮಿತ್ತವು ಒದಗಿದ್ದರಿಂದ ಹುಟ್ಟಿದ ಕರ್ತವ್ಯ. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಪಾತ್ರೆಯನ್ನು ಒಡೆದವನು ಯಾರು, ಕುಂಬಾರನು ಸರಿಯಾಗಿ ಸುಟ್ಟಿದ್ದನೋ ಇಲ್ಲವೋ, ಇಟ್ಟವನ ಕೈ ನಡುಗಿತೋ ಏನೋ ಎಂಬದನ್ನು ವಿಧಿಯು ಕೇಳುವದೇ ಇಲ್ಲ. ಒಡೆಯಿತೇ? ಹಾಗಾದರೆ ಇದನ್ನು ಮಾಡು, ಮಾಡಿ ಯಾಗವನ್ನು ಮುಂದುವರಿಸು. ಒಡೆಯುವದು ವಿಧಿಗೆ ಸಂದರ್ಭವೇ ಹೊರತು ಅಪರಾಧವಲ್ಲ. ಆದರೆ ಒಡೆದ ಪಾತ್ರೆಯನ್ನು ದರ್ಭೆಯ ಕೆಳಗೆ ಸರಿಸಿ ಏನೂ ಆಗಿಲ್ಲವೆಂಬಂತೆ ಮಂತ್ರ ಹೇಳುತ್ತ ಹೋದರೆ, ಆಗ ಯಾಗವೇ ವಿಕಲವಾಯಿತು. ಮಿಸ್ತ್ರಿಯ ಕೆಲಸವೂ ಹಾಗೆಯೇ. ತಪ್ಪನ್ನು ಐದು ಜನರಲ್ಲಿ ಹಂಚಬಹುದು, ಹತ್ತು ವರ್ಷ ಹಿಂದಕ್ಕೆ ಒಯ್ಯಬಹುದು. ಆದರೆ ಮುಂದೇನು ಮಾಡಬೇಕೆಂಬ ಕರ್ತವ್ಯವು ಹಂಚಿಹೋಗುವದಿಲ್ಲ. ಅದು ಮುರಿದ ಗಳಿಗೆಯಲ್ಲಿ ಯಾರ ಕೈಯಿತ್ತೋ ಅವರಲ್ಲಿಯೇ ನಿಲ್ಲುವದು. ತೆಗೆಯತಕ್ಕದ್ದು, ತೆಗೆಯಲಾಗದಿದ್ದರೆ ತೆಗೆಯಲಾಗಲಿಲ್ಲವೆಂದು ಹೇಳತಕ್ಕದ್ದು.

ಇಲ್ಲಿ ಒಂದು ಆಕ್ಷೇಪವಿದೆ. ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಸುಳ್ಳು ತಲೆಯನ್ನು ಅಂಟಿಸುವದು ಪಾಪವೆಂಬದೇನೋ ಸರಿ. ಆದರೆ ಮಿಸ್ತ್ರಿಯು ರಾತ್ರಿಯೆಲ್ಲ ಕೂತು, ತನ್ನ ಸ್ವಂತ ಕೂಲಿಯನ್ನು ಬಿಟ್ಟು, ಮುರುಕನ್ನು ನಿರ್ಮಲವಾಗಿ ಹೊರತೆಗೆದು, ಹೊಸ ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿದು ಕೊಟ್ಟರೆ? ಆಗಲೂ ಹೇಳಬೇಕೇ? ಒಡೆಯನಿಗೆ ನಷ್ಟವಿಲ್ಲ, ಕೆಲಸದಲ್ಲಿ ಕೊರತೆಯಿಲ್ಲ. ಸುಮ್ಮನೆ ಹೇಳಿ ಆತನ ಮನಸ್ಸಿನಲ್ಲಿ ಸಂಶಯವನ್ನೇಕೆ ಬಿತ್ತಬೇಕು?

ಈ ಮೌನದ ಪಕ್ಷಕ್ಕೆ ಪುರಾಣದಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ದೇವಾಸುರರ ಯುದ್ಧದಲ್ಲಿ ದಶರಥನ ರಥದ ಅಚ್ಚಿನ ಕೀಲು ಮುರಿದು ಬಿದ್ದಿತು. ಅದು ರಾಜನಿಗೆ ತಿಳಿಯಲಿಲ್ಲ. ಕೈಕೇಯಿಯು ಕೀಲಿನ ತೂತಿನಲ್ಲಿ ತನ್ನ ಕೈಯನ್ನೇ ಇಟ್ಟು ಯುದ್ಧವು ಮುಗಿಯುವ ವರೆಗೆ ಹಾಗೆಯೇ ಇದ್ದಳೆಂದು ಅಧ್ಯಾತ್ಮ ರಾಮಾಯಣವು ಹೇಳುವದು. ವಾಲ್ಮೀಕಿಯಲ್ಲಿ ಈ ಕೀಲಿನ ಮಾತಿಲ್ಲ. ಅಲ್ಲಿ ಆಕೆ ಮೂರ್ಛೆ ಹೋದ ಗಂಡನನ್ನು ರಣದಿಂದ ಆಚೆಗೆ ಕರೆದೊಯ್ದು ಉಳಿಸುವಳು. ಆದರೂ ನಮ್ಮ ಹಳ್ಳಿಗಳ ಬಾಯಲ್ಲಿ ಉಳಿದದ್ದು ಕೈಯ ಕಥೆಯೇ. ನಡುಯುದ್ಧದಲ್ಲಿ ಕೀಲು ಮುರಿದಿದೆಯೆಂದು ಕೂಗಿ ಹೇಳುವದು ಬುದ್ಧಿಯಾಗಿರಲಿಲ್ಲ. ಆಕೆಯ ಮೌನವು ಶುದ್ಧ ಪ್ರೇಮದ್ದು. ಅಷ್ಟಾಗಿಯೂ ಆ ಮೌನದ ಬೆಲೆಯು ಎರಡು ವರಗಳಾಗಿ ಗಂಟು ಕಟ್ಟಿಕೊಂಡು ಕೂತು, ಬಹುಕಾಲದ ಮೇಲೆ ಅಯೋಧ್ಯೆಯ ಬಾಗಿಲನ್ನು ತಟ್ಟಿತು. ಕಥೆಯನ್ನು ಹೆಚ್ಚು ಎಳೆಯುವದು ಬೇಡ. ಆದರೆ ಇಷ್ಟು ನಿಜ: ಕೈಕೇಯಿಯು ಯುದ್ಧ ಮುಗಿಯುವ ವರೆಗೆ ಮಾತ್ರ ಸುಮ್ಮನಿದ್ದಳು, ಶತ್ರುಗಳು ಅಳಿದ ಮೇಲೆ ರಾಜನು ಕೀಲಿಲ್ಲದ ರಥವನ್ನೂ ಆ ಕೈಯನ್ನೂ ಕಣ್ಣಾರೆ ಕಂಡನು. ಕೈಯನ್ನು ತೆಗೆದು ಕೊಳೆತ ಕಟ್ಟಿಗೆಯನ್ನು ತುರುಕಿ ರಥವನ್ನು ಲಾಯಕ್ಕೆ ಕಳಿಸಿದವಳಲ್ಲ ಆಕೆ.

ಇನ್ನು ಆಕ್ಷೇಪಕ್ಕೆ ಉತ್ತರ. ಮುರಿದ ಬೋಲ್ಟಿನ ವಾರ್ತೆಯು ಮುರಿದ ಬೋಲ್ಟಿನ ಕುರಿತಾದದ್ದಲ್ಲ. ಅದು ಮುರಿಯದೆ ಉಳಿದ ಮೂರರ ಕುರಿತಾದದ್ದು. ನಾಲ್ಕೂ ಒಂದೇ ದಿನ ಬಿಗಿಸಿಕೊಂಡವು, ಒಂದೇ ಮಣ್ಣಿನಲ್ಲಿ ನೆನೆದವು, ಒಂದೇ ಭಾರವನ್ನು ಎಳೆದವು. ಒಂದರ ಮುಖದಲ್ಲಿ ಹಳೆಯ ಬಿರುಕು ಕಂಡುಬಂದರೆ ಉಳಿದವುಗಳ ಒಡಲಲ್ಲಿ ಅದು ಇಲ್ಲವೆಂದು ಯಾರೂ ಆಣೆ ಮಾಡಲಾರರು. ಆದುದರಿಂದ ಆ ತುಂಡು ಒಡೆಯನಿಗೆ ಬಂದ ಪತ್ರವಿದ್ದಂತೆ. ಅದನ್ನು ಓದಿ ಜೇಬಿನಲ್ಲಿಟ್ಟುಕೊಳ್ಳುವ ಅಧಿಕಾರವು ಮಿಸ್ತ್ರಿಗೆ ಇಲ್ಲ, ಎಷ್ಟೇ ಚೆನ್ನಾಗಿ ರಿಪೇರಿ ಮಾಡಿರಲಿ. ಇದಲ್ಲದೆ ಇನ್ನೊಂದು ಸಣ್ಣ ಮಾತು. ತೆಗೆಯುವಾಗ ತಿರುಪು ಸವೆದು, ತೂತನ್ನು ಹಿಗ್ಗಿಸಿ ದಪ್ಪ ಬೋಲ್ಟು ಹಾಕಿದ್ದರೆ, ಮುಂದಿನ ಸಲ ಇನ್ನೊಂದು ಊರಿನಲ್ಲಿ ಅದನ್ನು ಬಿಚ್ಚುವ ಇನ್ನೊಬ್ಬ ಮಿಸ್ತ್ರಿಯು ಅದನ್ನು ಅರಿಯದೆ ಪೇಚಾಡುವನು. ಹೇಳಿದ್ದರೆ ಒಡೆಯನು ಆತನಿಗೆ ಹೇಳುತ್ತಿದ್ದನು.

ಈ ಮೂರು ಬೋಲ್ಟುಗಳ ಹಿಂದೆ ಯಾರಿದ್ದಾರೆಂಬದನ್ನು ನೆನೆದರೆ ವಿಷಯವು ಇನ್ನಷ್ಟು ಗಂಭೀರವಾಗುವದು. ಒಡೆಯನಾದರೂ ಗ್ಯಾರೇಜಿಗೆ ಬಂದವನು, ಕೇಳಬಲ್ಲನು, ಜಗಳಾಡಬಲ್ಲನು. ಆದರೆ ಏರಿನಲ್ಲಿ ಕೊಂಡಿ ಕಳಚಿ ಎರಡು ಟ್ರ್ಯಾಲಿ ಕಬ್ಬು ಹಿಂದಕ್ಕೆ ಉರುಳಿದಾಗ ಹಿಂದಿನಿಂದ ಬರುವವನು ಬೈಸಿಕಲ್ಲಿನವನೋ, ಮೋಟಾರ್ ಸೈಕಲ್ಲಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಜಾತ್ರೆಯಿಂದ ಮರಳುವವನೋ ಯಾರೋ ಒಬ್ಬನು. ಆತನಿಗೆ ಈ ಗ್ಯಾರೇಜು ಗೊತ್ತಿಲ್ಲ. ಆತನ ಪರವಾಗಿ ಕೇಳುವವರು ಆ ಸಂಜೆ ಅಲ್ಲಿ ಯಾರೂ ಇಲ್ಲ. ಮೌನವು ಮಿಸ್ತ್ರಿಗೂ ಒಡೆಯನಿಗೂ ನಡುವಿನ ವ್ಯವಹಾರವೆಂದು ತಿಳಿದವರು ಈ ಮೂರನೆಯವನನ್ನು ಲೆಕ್ಕದಿಂದ ಬಿಟ್ಟಿರುವರು.

ಆದರೆ ಮಿಸ್ತ್ರಿಗೆ ಮಾತ್ರ ಧರ್ಮೋಪದೇಶ ಮಾಡಿ ಒಡೆಯನನ್ನು ಸುಮ್ಮನೆ ಬಿಡುವದು ನ್ಯಾಯವಲ್ಲ. ಮೈಸೂರಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕಾಣಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕುಶಲಕರ್ಮಿಯು ತನ್ನ ವಶಕ್ಕೆ ಬಂದ ವಸ್ತುವನ್ನು ಕಳೆದರೆ ಅಥವಾ ಕೆಡಿಸಿದರೆ ತುಂಬಿಕೊಡಬೇಕೆಂದಿದೆ; ತಪ್ಪಿಸಲಾರದ ಆಪತ್ತಿಗೆ ಮಾತ್ರ ವಿನಾಯಿತಿ. 1872ರ ಕರಾರು ಕಾಯಿದೆಯು ಇದನ್ನೇ ಇನ್ನಷ್ಟು ತೂಗಿ ಹೇಳುವದು. ನಿಕ್ಷೇಪವಾಗಿ ಬಂದ ಪರರ ವಸ್ತುವನ್ನು, ವಿವೇಕಿಯು ತನ್ನ ಅಂಥದೇ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕೆಂದು ಅದರ 151ನೆಯ ಕಲಮು. ಅಷ್ಟು ಎಚ್ಚರ ವಹಿಸಿದರೂ ಕೆಟ್ಟರೆ ಹೊಣೆಯಿಲ್ಲವೆಂದು 152ನೆಯದು. ಇವೆರಡನ್ನೂ ವಕೀಲರು ಬಾಯಿಪಾಠ ಹೇಳುವರು. ಅವುಗಳ ಹಿಂದೆಯೇ ಇರುವ 150ನೆಯ ಕಲಮನ್ನು ಗ್ಯಾರೇಜಿಗೆ ಬಂಡಿ ತರುವವರು ಓದಿರುವದು ಅಪರೂಪ. ಕೊಡುವವನು ತನಗೆ ತಿಳಿದಿರುವ ದೋಷಗಳನ್ನು ತೆಗೆದುಕೊಳ್ಳುವವನಿಗೆ ತಿಳಿಸಬೇಕೆಂದು ಅದು ಹೇಳುವದು. ಹೋದ ಹಂಗಾಮಿನಲ್ಲಿ ಇದೇ ಪಟ್ಟಿಯು ಸಡಿಲಾಗಿ ರಸ್ತೆಯ ಮೇಲೆಯೇ ಕೊಳವೆ ಹಾಕಿ ಬಿಗಿಸಿದ್ದೆನೆಂದು ರೈತನು ಒಂದು ಮಾತು ಹೇಳಿದ್ದರೆ ಮಿಸ್ತ್ರಿಯು ಮೊದಲೇ ಎಣ್ಣೆ ಬಿಟ್ಟು ಕಾಯುತ್ತಿದ್ದನು. ಮುಚ್ಚಿಡುವದು ಬೋಲ್ಟು ಮುರಿದ ಮೇಲೆ ಸುರುವಾಗುವದೆಂಬ ತಿಳುವಳಿಕೆ ಸರಿಯಲ್ಲ. ಎಷ್ಟೋ ಸಲ ಅದು ಬಂಡಿಯೊಂದಿಗೇ ಗ್ಯಾರೇಜಿಗೆ ಬಂದಿರುವದು.

ಕೂಲಿಯ ವಿಷಯ ಬಂದರೆ ಮುರಿದ ಮುಖವನ್ನೇ ಪಂಚನನ್ನಾಗಿ ಮಾಡುವದು ಲೇಸು. ಮುಖವು ಕಪ್ಪಾಗಿದ್ದರೆ ರೋಗವು ಹಳೆಯದು, ತೆಗೆದ ಕೂಲಿಯು ಒಡೆಯನದು. ಪೂರ್ತಿ ಬೆಳ್ಳಗಿದ್ದರೆ, ಎಣ್ಣೆಯ ಗುರುತೂ ಇಲ್ಲದಿದ್ದರೆ, ಅವಸರಕ್ಕೆ ಮಿಸ್ತ್ರಿಯು ದಂಡ ತೆರಬೇಕು. ಈಜಿ ಔಟ್ ಒಳಗೆ ಮುರಿದರಂತೂ ಆ ಹೆಚ್ಚಿನ ಕೆಲಸಕ್ಕೆ ಕೂಲಿಯನ್ನು ಕೇಳುವ ಬಾಯಿ ಮಿಸ್ತ್ರಿಗೆ ಇರಬಾರದು. ಅರ್ಧ ಹಾಗೆ, ಅರ್ಧ ಹೀಗೆ ಇದ್ದರೆ ಜಗಳ ತಪ್ಪಿದ್ದಲ್ಲ, ಜಗಳವಾಗಲಿ. ಬೆಳಕಿನಲ್ಲಿ ತುಂಡನ್ನಿಟ್ಟುಕೊಂಡು ಆಡುವ ಜಗಳಕ್ಕೂ, ಗ್ರೀಸು ಬಳಿದ ಸುಳ್ಳು ತಲೆಯ ಮೇಲೆ ನಗುತ್ತ ಎಣಿಸಿಕೊಂಡ ನೋಟುಗಳಿಗೂ ಹೋಲಿಕೆಯಿಲ್ಲ.

ಇಲ್ಲಿಯ ವರೆಗೆ ಮಿಸ್ತ್ರಿಯ ಕೈಯೆಂದೇ ಹೇಳಲಾಯಿತು. ಬಹಳ ಸಲ ಅದು ಕೆಲಸ ಕಲಿಯಲು ಬಂದ ತರುಣನ ಕೈಯಾಗಿರುವದು. ಬೋಲ್ಟು ಆತನ ಕೈಯಲ್ಲಿ ಮುರಿದರೆ ಮೊದಲು ಬೀಳುವದು ಕಪಾಳಕ್ಕೆ ಏಟು, ಆಮೇಲೆ ವಾರದ ಪಗಾರದಲ್ಲಿ ಕಡಿತ. ಶಾಲೆಯ ಮಾಸ್ತರರಿಗೆ ಇದರ ಪರಿಣಾಮವು ಚೆನ್ನಾಗಿ ಗೊತ್ತು. ಪಾಟಿಯೊಡೆದ ಹುಡುಗನಿಗೆ ಹೊಡೆದ ತರಗತಿಯಲ್ಲಿ ಮರುದಿನದಿಂದ ಪಾಟಿಗಳು ಒಡೆಯುವದು ನಿಲ್ಲುವದಿಲ್ಲ. ಒಡೆದ ಪಾಟಿಗಳು ಕಾಣುವದು ಮಾತ್ರ ನಿಲ್ಲುವದು. ಹೆದರಿದ ಕೈಗೆ ವೆಲ್ಡಿಂಗು ಬಲು ಬೇಗ ಬರುವದು. ಈ ಸತ್ಯವನ್ನು ದೊಡ್ಡ ಯಂತ್ರಗಳ ಲೋಕವು ಬಹು ಬೆಲೆ ತೆತ್ತು ಕಲಿತಿದೆ. ಅಮೇರಿಕೆಯಲ್ಲಿ 1976ರಲ್ಲಿ ವಿಮಾನಸಂಚಾರದ ಸಲುವಾಗಿ ಒಂದು ಏರ್ಪಾಡನ್ನು ಮಾಡಿದರು: ಚಾಲಕರಾಗಲಿ, ರಿಪೇರಿಯ ಕೆಲಸಗಾರರಾಗಲಿ, ತಮ್ಮ ಕೈಯಲ್ಲಿ ಬುದ್ಧಿಪೂರ್ವಕವಲ್ಲದೆ ಆದ ತಪ್ಪನ್ನು ಗುಟ್ಟಾಗಿ ಬರೆದು ತಿಳಿಸಬಹುದು; ಹತ್ತು ದಿನಗಳೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡದಿಂದ ವಿನಾಯಿತಿ. ಅಪರಾಧಕ್ಕೂ ಅಪಘಾತಕ್ಕೂ ಈ ವಿನಾಯಿತಿಯಿಲ್ಲ. ಅದಕ್ಕಿಂತ ಜಾಣತನದ ಸಂಗತಿಯೆಂದರೆ, ದಂಡಿಸುವ ಕಚೇರಿಯು ಪತ್ರಗಳನ್ನು ತೆಗೆದುಕೊಳ್ಳದೆ, ಆಕಾಶಯಾನದ ಸಂಶೋಧನೆಯನ್ನು ನಡಿಸುವ ನಾಸಾ ಎಂಬ ಬೇರೊಂದು ಸಂಸ್ಥೆಯ ಕೈಯಲ್ಲಿ ಅದನ್ನು ಇಟ್ಟರು. ಬೆತ್ತ ಹಿಡಿದ ಕೈಯ ಮುಂದೆ ಯಾರೂ ಸತ್ಯವನ್ನು ಬಿಚ್ಚುವದಿಲ್ಲವೆಂಬದು ಅವರಿಗೆ ಗೊತ್ತಿತ್ತು. ಸಿಂದಗಿಯ ಗ್ಯಾರೇಜಿನಲ್ಲಿ ಎರಡು ಕಚೇರಿಗಳಿಲ್ಲ. ಮಿಸ್ತ್ರಿಯೊಬ್ಬನೇ ಗುರುವೂ ಆಗಿ, ದೊರೆಯೂ ಆಗಿ ಇರಬೇಕಾಗಿದೆ. ಹುಡುಗನು ಮುರಿದ ತಲೆಯನ್ನು ಅಂಗೈಯಲ್ಲಿ ಹಿಡಿದು ಬಂದಾಗ ಆತನು ಮೊದಲು ನೋಡುವದು ಹುಡುಗನ ಕಪಾಳವನ್ನೋ, ತುಂಡಿನ ಮುಖವನ್ನೋ ಎಂಬದರ ಮೇಲೆ ಆ ಗ್ಯಾರೇಜಿನಿಂದ ಹೊರಬೀಳುವ ನೂರಾರು ಬಂಡಿಗಳ ಯೋಗಕ್ಷೇಮವು ನಿಂತಿರುವದು.

ಚಹಾ ಕುಡಿದು ರೈತನು ಮರಳಿದಾಗ ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಎಣ್ಣೆಯ ವಾಸನೆ. ತೂತಿನ ಸುತ್ತಲಿನ ಬೀಡು ಇನ್ನೂ ಬಿಸಿಯಾಗಿದೆ. ಮಿಸ್ತ್ರಿಯು ಎದ್ದು ಅರಿವೆಯಿಂದ ಕೈಯೊರೆಸಿಕೊಂಡು, ಮುರಿದ ತಲೆಯನ್ನು ಆತನ ಅಂಗೈಯಲ್ಲಿ ಇಡುವನು.

"ಗೌಡ್ರ, ನನ್ನ ಕೈಯಾಗ ಮುರೀತ್ರಿ. ಇಲ್ಲಿ ನೋಡ್ರಿ, ಅರ್ಧ ಕರೀಗೈತಿ. ಉಳಿದ ಮೂರೂ ಬದಲಿ ಮಾಡಬೇಕ್ರಿ."

ರೈತನು ತುಂಡನ್ನು ದೀಪದ ಕಡೆಗೆ ತಿರುವಿ ನೋಡುವನು. ಹೆದ್ದಾರಿಯ ಮೇಲೆ ಇನ್ನೊಬ್ಬರ ಕಬ್ಬು ಕಾರ್ಖಾನೆಯ ಕಡೆಗೆ ಹೋಗುತ್ತಿರುವದು ಆತನಿಗೆ ಕಾಣಿಸುವದು, ಕೇಳಿಸುವದು. ಸ್ವಲ್ಪ ಹೊತ್ತು ಏನನ್ನೂ ಆಡದೆ ನಿಂತು, "ಬೆಳಗಾಗತೈತೇನು?" ಎಂದು ಕೇಳುವನು. ಆಗಬಹುದೆಂದು ಮಿಸ್ತ್ರಿಯು ಹೇಳಿ, ದೀಪವನ್ನು ಇನ್ನಷ್ಟು ಹತ್ತಿರ ಹಿಡಿಯೆಂದು ಹುಡುಗನನ್ನು ಕರೆಯುವನು.